ಬೂತಾಯಿ ಡಬ್ಬಿ ಮಾಡುವಾಗ ರಿಟಾರ್ಟನ್ನು ಮಾತ್ರ ನಂಬಬೇಡಿ

"ಬೇಯಿಸಿದರೆ ಎಲ್ಲವೂ ಸಾಯುತ್ತದಲ್ಲ ಸಾರ್" ಎಂದು ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಬೂತಾಯಿ, ಬಂಗುಡೆಗಳ ಮಟ್ಟಿಗೆ ಇದು ಅರ್ಧ ಸತ್ಯ. ಐಸ್ ಇಲ್ಲದೆ ಬಿದ್ದಿದ್ದ ಮೀನಿನಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ಎಂಬ ವಿಷವಸ್ತುವನ್ನು ಹುಟ್ಟಿಸುತ್ತವೆ. ಬ್ಯಾಕ್ಟೀರಿಯಾ ಸತ್ತರೂ ಹಿಸ್ಟಮೀನ್ ಉಳಿಯುತ್ತದೆ. ಮುಚ್ಚಿದ ಡಬ್ಬಿಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ರಿಟಾರ್ಟಿನ ಶಾಖಕ್ಕೂ ಅದು ಜಗ್ಗುವುದಿಲ್ಲ.

ಆದ್ದರಿಂದ ದಕ್ಕೆಯಿಂದ ಲಾರಿ ಬಂದೊಡನೆ ಕ್ರೇಟಿನ ತಳದಿಂದ ಮೀನು ತೆಗೆಯಿರಿ. ಮೇಲಿನ ಮೀನು ಯಾವಾಗಲೂ ತಣ್ಣಗಿರುತ್ತದೆ, ಮಾರುವವನಿಗೂ ಅದು ಗೊತ್ತು. ಥರ್ಮಾಮೀಟರಿನ ಸೂಜಿಯನ್ನು ಬೆನ್ನಿನ ದಪ್ಪ ಮಾಂಸಕ್ಕೆ, ಮುಳ್ಳಿಗೆ ತಾಗುವವರೆಗೆ ಚುಚ್ಚಿ. 4 ಡಿಗ್ರಿ ದಾಟಿದ್ದರೆ ಆ ಲೋಡನ್ನು ಬೇರೆ ಇಟ್ಟು ಹಿಸ್ಟಮೀನ್ ಪರೀಕ್ಷೆಗೆ ಕಳುಹಿಸಿ. ಮೂಗನ್ನು ನಂಬಬೇಡಿ.

ಮುಚ್ಚಳ ಹಾಕುವಾಗ ಡಬ್ಬಿಯ ಅಂಚಿನಲ್ಲಿ ಮೀನಿನ ಚರ್ಮದ ಚೂರು ಸಿಕ್ಕಿಕೊಂಡರೂ ಸೀಮ್, ಅಂದರೆ ಮುಚ್ಚಳ ಡಬ್ಬಿಗೆ ಕೂಡುವ ಮಡಿಕೆ, ಕೆಟ್ಟಂತೆಯೇ. ಅರ್ಧ ಗಂಟೆಗೊಮ್ಮೆ ಬೆರಳಾಡಿಸಿ ನೋಡಿ. ನಾಲ್ಕು ಗಂಟೆಗೊಮ್ಮೆ ಮುಚ್ಚಳ ಹಾಕುವ ಯಂತ್ರದ ಪ್ರತಿ ಸೀಮಿಂಗ್ ತಲೆಯಿಂದ ಒಂದು ಡಬ್ಬಿ ತೆಗೆದು ಸೀಮ್ ಬಿಚ್ಚಿ ಅಳೆಯಿರಿ.

ರಿಟಾರ್ಟಿನಲ್ಲಿ ಕೊಲ್ಲಬೇಕಾದದ್ದು ಮಾರಕ ವಿಷ ಹುಟ್ಟಿಸುವ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಗಳನ್ನು. ಡಬ್ಬಿಯ ನಡುವಿನ, ಕೊನೆಗೆ ಕಾಯುವ ಜಾಗಕ್ಕೆ 121.1 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷಕ್ಕೆ ಸಮನಾದ ಶಾಖ ಸಿಗಲೇಬೇಕು. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು ಸರಿಯಾಗಿಯೇ ನಿಂತಿರುತ್ತದೆ, ಶಾಖ ಮಾತ್ರ ಕಡಿಮೆ ಇರುತ್ತದೆ. ಥರ್ಮಾಮೀಟರ್ ನೋಡದೆ ಗಡಿಯಾರ ಒತ್ತಬೇಡಿ. ಟೊಮೆಟೊ ಸಾಸಿಗೆ ಗೊತ್ತುಮಾಡಿದ ಸಮಯವನ್ನು ಎಣ್ಣೆಯ ಡಬ್ಬಿಗೆ ಬಳಸುವುದೂ ಬೇಡ.

ಇನ್ನು ತಣಿಸುವುದು. ನಾನು ಎಡವಿದ್ದು ಇಲ್ಲಿಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚೊಕ್ಕವಾಗಿ ಕಾಣಲಿ ಎಂದು ಒದ್ದೆ ಡಬ್ಬಿಗಳನ್ನು ಹೆಗಲ ಬೈರಾಸಿನಿಂದ ಒರೆಸಿ ಜೋಡಿಸಿದ್ದೆ. ಬಿಸಿ ಡಬ್ಬಿ ತಣಿಯುವಾಗ ಒಳಗೆ ನಿರ್ವಾತ ಉಂಟಾಗುತ್ತದೆ. ಆಗಿನ್ನೂ ಮೆತ್ತಗಿರುವ ಸೀಮಿನ ರಬ್ಬರಿನ ಸಂದಿನಿಂದ ಒಂದು ಹನಿ ಕೊಳಕು ನೀರು ಒಳಸೇರಿದರೆ ಸಾಕು. 37 ಡಿಗ್ರಿಯ ಕೋಣೆಯಲ್ಲಿ 14 ದಿನ ಇರಿಸಿದ್ದ ಮಾದರಿಗಳಲ್ಲಿ ಏಳು ಡಬ್ಬಿ ಎರಡೂ ಬದಿಗೆ ಉಬ್ಬಿಕೊಂಡಿದ್ದವು. ಇಡೀ ಬ್ಯಾಚ್ ತಡೆಹಿಡಿದರು.

ಅಂದಿನಿಂದ ನನ್ನ ಪಾಳಿಯಲ್ಲಿ ತಣಿಸುವ ನೀರಿನ ಕ್ಲೋರಿನ್ ಅಳೆಯದೆ ವಾಲ್ವ್ ತಿರುಗಿಸುವಂತಿಲ್ಲ. ಡಬ್ಬಿಗಳು ಸುಮಾರು 40 ಡಿಗ್ರಿಗೆ ಇಳಿದು ತಾವಾಗಿ ಒಣಗುವವರೆಗೆ ಯಾರೂ ಮುಟ್ಟುವಂತಿಲ್ಲ. ಬೈರಾಸುಗಳೆಲ್ಲ ಬಾಗಿಲ ಹೊರಗಿನ ಮೊಳೆಗೆ.