ಗೊಜ್ಜವಲಕ್ಕಿ ನಂಬಿ ಸಹಾರಾಕ್ಕೆ: ನನ್ನ ಅನುಭವ

ಮೊರಾಕೊದ ಮ್ಯಾರಥಾನ್ ದೆ ಸಾಬ್ಲ್ ಓಟಕ್ಕೆ ಎರಡು ಸಲ ಹೋದೆ. ಊಟ, ಹಾಸಿಗೆ ಬೆನ್ನ ಮೇಲೆ ಹೊತ್ತು ಸಹಾರಾ ಮರಳಲ್ಲಿ ಸುಮಾರು ಒಂದು ವಾರ ಹಂತ ಹಂತವಾಗಿ ಓಡುವ ಸ್ಪರ್ಧೆ ಅದು. 2018ರಲ್ಲಿ ಮೂರನೇ ದಿನವೇ ಬಿಟ್ಟು ಬಂದೆ. 2019ರಲ್ಲಿ ಮುಗಿಸಿ ಪದಕ ತಂದೆ. ಓಡುವ ತರಬೇತಿ ಹೆಚ್ಚು ಕಡಿಮೆ ಅದೇ. ಬದಲಾಗಿದ್ದು ಹೊರಡುವ ರೀತಿ, ಊಟ, ಓಟದ ಹಿಂದಿನ ದಿನದ ತಯಾರಿ. 'ಸ್ಟವ್ ಇಲ್ದೆ, ಗೊಜ್ಜವಲಕ್ಕಿ ತಿಂದ್ಕೊಂಡು ಒಂದು ವಾರ ಓಡ್ತೀರಾ ಅಣ್ಣಾ?' ಅಂತ ನಮ್ಮ ತಂಡದ ಕಿರಿಯ ಹುಡುಗ ಕೇಳಿದ್ದ. ಓಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಎಲ್ಲ ಸಾಮಾನನ್ನೂ ಒಂದೇ ಚೆಕ್-ಇನ್ ಬ್ಯಾಗಿಗೆ ತುಂಬಿದ್ದೆ. ಕಾಸಾಬ್ಲಾಂಕಾದಲ್ಲಿ ಇಳಿದರೆ ಬ್ಯಾಗ್ ಇಲ್ಲ. ಒಂದೂವರೆ ದಿನ ಕಾದೆವು. ನನ್ನಿಂದಾಗಿ ಇನ್ನಿಬ್ಬರಿಗೂ ಬಸ್ ತಪ್ಪಿತು. ಮರುಭೂಮಿ ಕಡೆಯ ಊರಾದ ವರ್ಜಾಜಾತ್‌ಗೆ ಟ್ಯಾಕ್ಸಿ ಮಾಡಿ ಹೋದೆವು, ಹದಿನೈದು ಸಾವಿರ ರೂಪಾಯಿ ಕೈಬಿಟ್ಟಿತು. ನೋಂದಣಿಗೇ ಮೂರು ಸಾವಿರ ಯೂರೋ ಮೇಲೆ ಕೊಟ್ಟಿದ್ದೆ. ಅದೂ ಮೂರನೇ ದಿನ ಮರಳಿಗೆ ಹೋಯಿತು.

ಕಾರಣ ಗೇಟರ್, ಅಂದರೆ ಶೂ ಒಳಗೆ ಮರಳು ಹೋಗದಂತೆ ಮೇಲೆ ಹಾಕುವ ಬಟ್ಟೆಯ ಕವಚ. ಪ್ಯಾರಾಶೂಟ್ ಬಟ್ಟೆಯ ಗೇಟರ್ ಹಿಡಿಸಲು ಶೂ ಸುತ್ತ ವೆಲ್ಕ್ರೊ ಪಟ್ಟಿಯನ್ನು ಸೊಲ್ಯೂಷನ್ ಹಾಕಿ ಅಂಟಿಸಿದ್ದೆ. ಎರಡನೇ ದಿನದ ಬಿಸಿಲಿಗೆ ಹಿಮ್ಮಡಿ ಹತ್ತಿರ ಬಿಟ್ಟುಕೊಂಡಿತು. ಬೆರಳ ಸಂದಿಗೆಲ್ಲ ಮರಳು. ಸಂಜೆ ಸಾಕ್ಸ್ ಬಿಚ್ಚಿದಾಗ ಬೊಬ್ಬೆಯ ಚರ್ಮವೂ ಜೊತೆಗೇ ಬಂತು.

ಊರಿಗೆ ಬಂದ ಮೇಲೆ ಮೈಸೂರಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಹತ್ತಿರ ಕೂತೆ. ಅವರು ಒಳಗಿನ ಇನ್‌ಸೋಲ್ ತೆಗೆಸಿ, ಸೋಲ್ ಸೇರುವ ಅಂಚಿನಲ್ಲೇ ವೆಲ್ಕ್ರೊ ಪಟ್ಟಿಯನ್ನು ಡಬಲ್ ದಾರದಲ್ಲಿ ಸುತ್ತಲೂ ಹೊಲಿದರು. ಇನ್ನೂರು ರೂಪಾಯಿ ತಗೊಂಡರು. ಹೊಲಿಗೆಯ ತೂತಿಗೆ ಮಾತ್ರ ಸೊಲ್ಯೂಷನ್. ಅದನ್ನು ತಲಕಾಡಿನ ಮರಳಲ್ಲಿ ನಾಲ್ಕು ಭಾನುವಾರ ಓಡಿ ನೋಡಿದೆ. ಕಾವೇರಿ ದಂಡೆಯ ಮರಳು ಸಹಾರಾದ್ದಲ್ಲ, ನಿಜ. ಆದರೆ ಹೊಲಿಗೆ ಬಿಡುತ್ತೋ ಇಲ್ವೋ ನೋಡೋಕೆ ಧಾರಾಳ ಸಾಕು.

ಊಟದ್ದು ದೊಡ್ಡ ಕಥೆ. ದಿನಕ್ಕೆ ಕನಿಷ್ಠ 2,000 ಕ್ಯಾಲೊರಿ ನಾವೇ ಹೊರಬೇಕು ಅನ್ನೋದು ಆಗಿನ ನಿಯಮ. ಮೊದಲು ರಾಗಿ ಹುರಿಹಿಟ್ಟು ನೋಡಿದೆ. ಗಂಟಲಿಗೆ ಅಂಟಿಕೊಂಡು ನೀರು ಜಾಸ್ತಿ ಕೇಳುತ್ತೆ. ಆಗ ಅಲ್ಲಿ ನೀರು ಅಳತೆಯಲ್ಲಿ ಸಿಗುತ್ತಿತ್ತು, ಹಾಗಾಗಿ ಬಿಟ್ಟೆ. ಒಣಗಿಸಿದ ಚಪಾತಿ ಐದನೇ ದಿನಕ್ಕೆ ಮುಗ್ಗಲು ಹಿಡಿಯಿತು. ಕೊನೆಗೆ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆ ಥರ ಮಾಡಿ, ಹುಣಸೆ ಪುಡಿ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಜಾಸ್ತಿ ಕಡಲೆಬೀಜ, ಇಂಗಿನ ಒಗ್ಗರಣೆ ಸೇರಿಸಿದೆ. ನೂರು ಗ್ರಾಂಗೆ ಸುಮಾರು 430 ಕ್ಯಾಲೊರಿ. ತಣ್ಣೀರು ಹಾಕಿ ಇಪ್ಪತ್ತು ನಿಮಿಷ ಇಟ್ಟರೆ ಸಾಕು. ಸ್ಟವ್, ಪಾತ್ರೆ, ಉರುವಲು ಎಲ್ಲ ಬಿಟ್ಟು ನಾನೂರು ಗ್ರಾಂ ಉಳೀತು. ಎಣ್ಣೆ ಕಮಟು ಬರದಂತೆ ಒಂದು ಪದಾರ್ಥ ಹಾಕುತ್ತೇನೆ, ಅದನ್ನಿಲ್ಲಿ ಹೇಳಲ್ಲ. ವಾರದ ಊಟಕ್ಕೆ ಖರ್ಚಾಗಿದ್ದು ಒಂದೂವರೆ ಸಾವಿರ. ಗೆಳೆಯರು ವಿದೇಶಿ ಪೊಟ್ಟಣಗಳಿಗೆ ತಲಾ ಇಪ್ಪತ್ತೈದು ಸಾವಿರ ಸುರಿದಿದ್ದರು.

ಎರಡನೇ ಸಲ ಶೂ ಕಾಲಲ್ಲೇ ಇತ್ತು. ಸ್ಲೀಪಿಂಗ್ ಬ್ಯಾಗ್, ಇಸಿಜಿ, ಡಾಕ್ಟರ್ ಸರ್ಟಿಫಿಕೇಟ್ ಕೈಚೀಲದಲ್ಲಿ. ಊಟವನ್ನು ಮೂವರೂ ಹಂಚಿಕೊಂಡೆವು: ಪ್ರತಿಯೊಬ್ಬರ ಬ್ಯಾಗಲ್ಲೂ ಎಲ್ಲರ ಊಟದ ಮೂರರಲ್ಲೊಂದು ಪಾಲು. ಒಂದು ಬ್ಯಾಗ್ ಹೋದರೂ ಯಾರೂ ಉಪವಾಸ ಬೀಳಲ್ಲ. ಮರಾಕೇಶ್‌ನಿಂದ ಬಸ್ಸಲ್ಲಿ ತಿಜಿ ನ್ ತಿಶ್ಕಾ ಘಾಟಿ ಹತ್ತಿದೆವು. 2,260 ಮೀಟರ್ ಎತ್ತರ, ತಿರುವಿನ ಮೇಲೆ ತಿರುವು. ಹುಡುಗ ಎರಡು ಸಲ ವಾಂತಿ ಮಾಡಿಕೊಂಡ. ಮುಂದಿನ ಸೀಟು ಹಿಡೀರಿ. ಲೈಟರ್, ಚಾಕು ವರ್ಜಾಜಾತ್ ಸಂತೆಯಲ್ಲೇ ತಗೊಂಡೆವು.

ಓಟದ ಹಿಂದಿನ ದಿನ ಬಿಡಾರದಲ್ಲಿ ತಪಾಸಣೆ. ಸೂಟ್‌ಕೇಸ್ ಆಯೋಜಕರ ಕೈಗೆ ಕೊಟ್ಟ ಮೇಲೆ ಬೆನ್ನ ಮೇಲಿರುವುದಷ್ಟೇ ನಮ್ಮದು. ಏನು ಹೊರಬೇಕು ಅನ್ನೋ ನಿರ್ಧಾರ ಅಲ್ಲಿ ನಿಂತು ಮಾಡಬೇಡಿ. 2018ರಲ್ಲಿ 'ಇರಲಿ' ಅಂತ ಕೊನೆ ಗಳಿಗೆಯಲ್ಲಿ ಎರಡು ಕೆಜಿ ಸೇರಿಸಿ ಹತ್ತೂವರೆ ಹೊತ್ತಿದ್ದೆ. ಈ ಸಲ ಬ್ಯಾಗನ್ನು ಊರಲ್ಲೇ ಕಟ್ಟಿ ತೂಗಿದ್ದೆ. ತಕ್ಕಡಿ 7.3 ಕೆಜಿ ಅಂತು. ಆಗಿನ ನಿಯಮದಂತೆ ಕನಿಷ್ಠ 6.5 ಇರಬೇಕಿತ್ತು.

ಮೇಜಿನ ಹಿಂದೆ ಕೂತ ಫ್ರೆಂಚ್ ಹೆಂಗಸು ಒಂದು ಪೊಟ್ಟಣ ಎತ್ತಿ ಮೂಸಿದರು. ಇಂಗಿನ ವಾಸನೆಗೆ ಹುಬ್ಬು ಗಂಟಾಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಕ್ಯಾಲೊರಿ ಕಮ್ಮಿ ಅಂದರೆ ದಂಡವಾಗಿ ಓಟದ ಸಮಯಕ್ಕೆ ಇನ್ನಷ್ಟು ಸೇರಿಸುತ್ತಿದ್ದರು. ಪ್ರತಿ ಪೊಟ್ಟಣಕ್ಕೂ ತೂಕ, ಕ್ಯಾಲೊರಿ ಅಚ್ಚು ಹಾಕಿಸಿದ ಚೀಟಿ ಅಂಟಿಸಿದ್ದೆ. ಬೆರಳಿಟ್ಟು ಒಂದೊಂದನ್ನೇ ಕೂಡಿದರು. ತಲೆಯಾಡಿಸಿ ಉಪ್ಪಿನ ಮಾತ್ರೆ ಕೈಗಿಟ್ಟರು.

ಅಲ್ಲಿಂದ ಬಂದವನೇ ಗುಡಾರದ ಚಾಪೆ ಎತ್ತಿ ಕಲ್ಲು ಆರಿಸಿದೆ. ಎಂಟು ಜನಕ್ಕೆ ಒಂದೇ ಕರಿ ಗುಡಾರ, ನಾವು ಮೂವರು ಗಾಳಿಗೆ ಬೆನ್ನು ಬರುವ ಮೂಲೆ ಹಿಡಿದಿದ್ದೆವು. ಮಧ್ಯಾಹ್ನವೆಲ್ಲ ನೆರಳಲ್ಲಿ ಮಲಗಿದೆ. ಬೇರೆಯವರು ದಿಬ್ಬ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ರಾತ್ರಿ ಆಯೋಜಕರ ಕೊನೆಯ ಊಟ ಹೊಟ್ಟೆ ತುಂಬ ತಿಂದು, ಶೂ ಬಾಯಿ ಕಟ್ಟಿ ತಲೆಯಡಿ ಇಟ್ಟುಕೊಂಡೆ.

75 ಕಿ.ಮೀ. ಮೇಲಿನ ಉದ್ದನೆಯ ಹಂತ ಮುಗಿಸಿ ಬಂದಾಗ ಗಾಳಿಗೆ ಯಾರ ಸ್ಟವ್ವೂ ಹೊತ್ತುತ್ತಿರಲಿಲ್ಲ. ದಾರಿಯಲ್ಲೇ ನೆನೆಹಾಕಿದ್ದ ನನ್ನ ಡಬ್ಬಿ ತೆರೆದೆ. ಹುಡುಗ ಪಕ್ಕಕ್ಕೆ ಬಂದು ಕೂತ. 'ಅಣ್ಣಾ, ಒಂದೆರಡು ಚಮಚ ಕೊಡ್ತೀರಾ?' ಅರ್ಧ ಕೊಟ್ಟೆ.