ಉದುರು ಎಗ್ ಫುಡ್: ಫಿಂಚ್ ಮರಿಗಳಿಗೆ ಮನೆಯಲ್ಲೇ ಮಾಡಿದ ನನ್ನ ಅನುಭವ

ಮೊಟ್ಟೆ ಉಷ್ಣ, ಕೊಟ್ಟರೆ ಹಕ್ಕಿ ಗೂಡು ಬಿಡುತ್ತೆ. ಮೊಟ್ಟೆ ರುಚಿ ಹತ್ತಿದ ಹಕ್ಕಿ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುತ್ತೆ. ನವಣೆ ಹಾಕಿ, ನೀರಿಡಿ, ಸಾಕು. ಹಕ್ಕಿ ಅಂಗಡಿಯವರಿಂದ ಹಿಡಿದು ಹಳೆಯ ಸಾಕಣೆದಾರರವರೆಗೆ ನನಗೆ ಸಿಕ್ಕಿದ ಸಲಹೆ ಇಷ್ಟೇ. ಮರಿ ಮಾಡಿಸುವ ಎರಡು ಸೀಸನ್ ಹಾಳಾದ ಮೇಲೆ, ಮೂರನೆಯದರಲ್ಲಿ ಹನ್ನೆರಡು ಜೋಡಿ ಫಿಂಚ್‌ಗೂ (ಕಾಳು ತಿನ್ನುವ ಪುಟ್ಟ ಪಂಜರದ ಹಕ್ಕಿಗಳು; ಏಳು ಜೀಬ್ರಾ, ಮೂರು ಬೆಂಗಲೀಸ್, ಎರಡು ಗೌಲ್ಡಿಯನ್) ಮನೆಯ ಎಗ್ ಫುಡ್, ಅಂದರೆ ಬೇಯಿಸಿದ ಮೊಟ್ಟೆಗೆ ಒಣ ಹಿಟ್ಟು ಬೆರೆಸಿದ ತಿಂಡಿ, ಹಾಕಿಯೇ ಮರಿ ಎಬ್ಬಿಸಿದೆ. ಒಂದೇ ಒಂದು ಜೋಡಿಯೂ ಮೊಟ್ಟೆ ಒಡೆಯಲಿಲ್ಲ. ಮೊದಲು ಐದು ಮೊಟ್ಟೆ ಮರಿಯಾದರೆ ಎರಡೋ ಮೂರೋ ಮರಿ ಗೂಡಿನಿಂದ ಹೊರಗೆ ಬರುತ್ತಿತ್ತು, ಈಗ ನಾಲ್ಕಕ್ಕೆ ಕಡಿಮೆ ಇಲ್ಲ. ಲೆಕ್ಕದ ಪುಸ್ತಕ ನೋಡಿ ಬರೆದದ್ದಲ್ಲ, ಆದರೆ ಹೆಚ್ಚುಕಡಿಮೆ ಇಷ್ಟೇ. ಇದು ಪಂಜರದಲ್ಲೇ ಹುಟ್ಟಿ ಬೆಳೆದ ಹೊರದೇಶದ ತಳಿಗಳ ಮಾತು. ನಮ್ಮ ಗದ್ದೆ ಬದಿಯ ರಾಟವಾಳಗಳನ್ನು (ಮುನಿಯಾ ಹಕ್ಕಿ) ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿಲ್ಲ, ಅವು ಇದ್ದಲ್ಲೇ ಇರಲಿ. ತಮಾಷೆಯೆಂದರೆ, ಬೆಂಗಲೀಸ್‌ನ ಮೂಲ ಬಿಳಿ ಬೆನ್ನಿನ ರಾಟವಾಳ, ಪಶ್ಚಿಮ ಘಟ್ಟದಲ್ಲಿ ಹಾರಾಡುವ ಹಕ್ಕಿಯೇ. ಜಪಾನಿನವರು ಪಂಜರದಲ್ಲಿ ತಲೆಮಾರುಗಟ್ಟಲೆ ಬೆಳೆಸಿ ಅದನ್ನು ಸಾಕುಹಕ್ಕಿ ಮಾಡಿಟ್ಟರು.

ತಪ್ಪು ಮೊಟ್ಟೆಯದಲ್ಲ, ನೀರಿನದು. ಇದು ಗೊತ್ತಾಗಲು ಎರಡು ಸೀಸನ್ ಹಿಡಿಯಿತು. ಬೆಂದ ಮೊಟ್ಟೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದಕ್ಕೆ ತಾಜಾ ಬ್ರೆಡ್ ಸೇರಿಸಿದರೆ ನೀರಿಗೆ ನೀರು ಕೂಡಿಸಿದ ಹಾಗೆ. ಮೊದಲ ಸೀಸನ್‌ನಲ್ಲಿ ನಾನು ಮಾಡಿದ್ದೂ ಅದನ್ನೇ: ಎರಡು ಮೊಟ್ಟೆ, ನಾಲ್ಕು ಸ್ಲೈಸ್ ಮಿಲ್ಕ್ ಬ್ರೆಡ್, ಅರ್ಧ ಕ್ಯಾರೆಟ್, ಎಲ್ಲ ಮಿಕ್ಸಿಗೆ. ಬಂದದ್ದು ಬೆಣ್ಣೆ ಹದದ ಮುದ್ದೆ. ಹಕ್ಕಿಗಳು ತಿಂದವು, ಅದರಲ್ಲಿ ಅನುಮಾನವಿಲ್ಲ. ಆದರೆ ಕೊಕ್ಕಿನ ಅಂಚಿಗೆ ಅಂಟಿ ಒಣಗಿತು, ಅದೇ ಕೊಕ್ಕಿನಲ್ಲಿ ಮರಿಯ ಬಾಯಿಗೆ ಹೋಯಿತು, ಕಾಲಿಗೆ ಮೆತ್ತಿಕೊಂಡು ಗೂಡಿನ ಹುಲ್ಲಿಗೂ ಇಳಿಯಿತು. ಹತ್ತೂವರೆಗೆ ಬಟ್ಟಲು ಮೂಸಿದರೆ ಹುಳಿ. ಐದಾರು ದಿನದ ಮರಿಗಳು ಹೊಟ್ಟೆ ಉಬ್ಬಿ, ಹಿಕ್ಕೆ ನೀರಾಗಿ ಹೋದವು. ಆ ಸೀಸನ್‌ನಲ್ಲಿ ಸತ್ತ ಮರಿ ಹದಿನೈದಕ್ಕೆ ಕಡಿಮೆ ಇಲ್ಲ. ‘ನೋಡಿದ್ರಾ, ಉಷ್ಣ’ ಅಂದರು ಎಲ್ಲರೂ. ಉಷ್ಣವೂ ಇಲ್ಲ ಶೀತವೂ ಇಲ್ಲ, ಹಳಸಿದ ಅನ್ನ ತಿನ್ನಿಸಿದರೆ ಏನಾಗುತ್ತೋ ಅದೇ ಆದದ್ದು.

ಎರಡನೇ ಸೀಸನ್ ರಸ್ಕ್. ಒಣಗಿರುತ್ತೆ, ನೀರು ಹೀರುತ್ತೆ, ಹದ ಚೆನ್ನಾಗಿಯೇ ಬಂತು. ಆದರೆ ಬೇಕರಿ ರಸ್ಕ್ ಎಂದರೆ ಸಕ್ಕರೆ ಮತ್ತು ಡಾಲ್ಡಾ. ಹೆಣ್ಣುಗಳು ಎದೆಮೂಳೆ ಕೈಗೆ ಸಿಗದಷ್ಟು ಕೊಬ್ಬಿದವು, ಮೂರಕ್ಕೆ ಮೊಟ್ಟೆ ಹೊರಬರದೆ ಒಳಗೇ ಕಟ್ಟಿಕೊಂಡಿತು, ಅವುಗಳಲ್ಲಿ ಒಂದು ಬದುಕುಳಿಯಿತು. ಅದೇ ವರ್ಷ ಮರಿಗೆ ಶಕ್ತಿ ಬರಲಿ ಎಂದು ಹಾಲಿನ ಪುಡಿಯನ್ನೂ ಹಾಕಿ ನೋಡಿದ್ದೆ. ಹಾಲಿನ ಸಕ್ಕರೆಯನ್ನು ಹಕ್ಕಿ ಅರಗಿಸಿಕೊಳ್ಳುವುದಿಲ್ಲ. ಎರಡೇ ದಿನಕ್ಕೆ ಪೇಪರ್ ಪೂರ್ತಿ ಒದ್ದೆ, ಮೂರನೇ ದಿನ ನಿಲ್ಲಿಸಿದೆ.

ಈಗಿನ ಅಳತೆ ಹೀಗಿದೆ. ನಾಲ್ಕು ಫಾರಂ ಮೊಟ್ಟೆ, ಸುಲಿದ ಮೇಲೆ 180–190 ಗ್ರಾಂ. ಒಣ ಮಿಶ್ರಣ 130 ಗ್ರಾಂ. ಹಿಂಡಿದ ಕ್ಯಾರೆಟ್ ತುರಿ ಎರಡು ದೊಡ್ಡ ಚಮಚ, ಅಂದರೆ 35–40 ಗ್ರಾಂ. ಮೊಟ್ಟೆ ಚಿಪ್ಪಿನ ಪುಡಿ ಅರ್ಧ ಟೀ ಚಮಚ. ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ ಒಂದು ಟೀ ಚಮಚ. ಒಟ್ಟು 350 ಗ್ರಾಂ ಆಗುತ್ತೆ.

ಒಣ ಮಿಶ್ರಣದಲ್ಲೇ ಕೆಲಸ ಇರುವುದು. ಚಿರೋಟಿ ರವೆ ಎರಡು ಪಾಲು, ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಒಂದು ಪಾಲು, ಓಟ್ಸ್ ಪುಡಿ ಒಂದು ಪಾಲು. ರವೆಯನ್ನು ಎಣ್ಣೆ ತುಪ್ಪ ಸೋಕದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಹುರಿಯಬೇಕು. ಬಣ್ಣ ತಿರುಗಬಾರದು, ಘಮ ಬರಬೇಕು, ಕೈಗೆ ಹಗುರ ಅನ್ನಿಸಬೇಕು. ಹಸಿ ರವೆ ಹಾಕಿದರೆ ಮೊಟ್ಟೆಯ ನೀರಿಗೆ ನಿಧಾನಕ್ಕೆ ಉಬ್ಬಿ, ಒಂದು ಗಂಟೆಯಲ್ಲಿ ಇಡ್ಲಿ ಹಿಟ್ಟಿನಂತೆ ಅಂಟುತ್ತೆ. ರಾಗಿ ಹಿಟ್ಟು ಒಂದು ಪಾಲಿಗಿಂತ ಜಾಸ್ತಿಯಾದರೆ ಕೊಕ್ಕಿಗೆ ಕಂದು ಪಟ್ಟಿ ಕಟ್ಟುತ್ತೆ, ಮುದ್ದೆ ಊಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ಆರಿದ ಮೇಲೆ ಮೂರನ್ನೂ ಬೆರೆಸಿ ಡಬ್ಬಿಗೆ ತುಂಬುತ್ತೇನೆ, ಮೂರು ವಾರ ಬರುತ್ತೆ. ಬಿಸಿ ಇರುವಾಗಲೇ ಮುಚ್ಚಿದ ಒಂದು ಡಬ್ಬಿ ಎಂಟು ದಿನಕ್ಕೆ ಬೂಷ್ಟು ಹಿಡಿದು ತಿಪ್ಪೆ ಸೇರಿತು, ಎಂಬತ್ತು ರೂಪಾಯಿ ಲುಕ್ಸಾನು.

ಮೊಟ್ಟೆ ಬೇಯಿಸುವುದನ್ನು ಯಾರಿಗೂ ಕಲಿಸಬೇಕಿಲ್ಲ. ಎರಡು ಮಾತು ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ಹತ್ತು ನಿಮಿಷ ಎಂದು ಬರೆದಿದ್ದರೆ ನಾನು ಹದಿಮೂರು ನಿಮಿಷ ಇಡುತ್ತೇನೆ. ಹಳದಿಯ ನಡುವೆ ಒಂದು ಚುಕ್ಕೆಯಷ್ಟು ಜಿಗುಟು ಉಳಿದರೂ ಜರಡಿಯಲ್ಲಿ ಇಳಿಯುವುದಿಲ್ಲ, ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ ಬೇರೆ. ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಹೆದರಬೇಡಿ, ಜಾಸ್ತಿ ಬೆಂದಾಗ ಬಿಳಿಯ ಗಂಧಕ ಹಳದಿಯ ಕಬ್ಬಿಣಕ್ಕೆ ತಗುಲಿ ಆಗುವ ಬಣ್ಣ ಅದು. ಇನ್ನೊಂದು, ಸುಲಿದ ಮೊಟ್ಟೆಯನ್ನು ಬಟ್ಟೆಯಿಂದ ಒರೆಸಿ ಕಾಲು ಗಂಟೆ ಫ್ಯಾನ್ ಕೆಳಗೆ ಇಡಿ. ಮೈ ಮೇಲಿನ ಆ ತೇವವೇ ಹದ ಕೆಡಿಸುವುದು.

ಮಿಕ್ಸಿ ಬೇಡ. ಹಾಕಲೇಬೇಕೆಂದರೆ ಮೊದಲು ಒಣ ಮಿಶ್ರಣ, ಅದರ ಮೇಲೆ ಮೊಟ್ಟೆ ಹಾಕಿ ವಿಪ್ಪರ್ ಕಡೆಗೆ ಮೂರು ಸಲ ತಿರುಗಿಸಿ ಬಿಟ್ಟುಬಿಡಿ. ನಾಲ್ಕನೇ ಸಲಕ್ಕೆ ಪೇಸ್ಟ್. ನನ್ನ ಪದ್ಧತಿ ಹೀಗೆ: ಹಳದಿಯನ್ನು ಸ್ಟೀಲ್ ಜರಡಿಗೆ ಒತ್ತಿ ಉದುರಿಸುವುದು, ಬಿಳಿಯನ್ನು ತುರಿಮಣೆಯ ಸಣ್ಣ ಕಣ್ಣಿನಲ್ಲಿ ತುರಿಯುವುದು. ಹಳದಿಯನ್ನು ಮೊದಲು ಒಣ ಮಿಶ್ರಣಕ್ಕೆ ಬೆರಳ ತುದಿಯಲ್ಲಿ ಉಜ್ಜಬೇಕು, ಅದರ ಕೊಬ್ಬು ಪ್ರತಿ ಕಾಳಿಗೂ ಸವರಿಕೊಳ್ಳುತ್ತೆ, ಆಮೇಲೆ ಬರುವ ಬಿಳಿಯ ನೀರನ್ನು ಕಾಳು ಬೇಗ ಕುಡಿಯುವುದಿಲ್ಲ. ಈ ಕ್ರಮ ಉಲ್ಟಾ ಮಾಡಿದ ದಿನ ಹದ ಕೆಟ್ಟೇ ಕೆಡುತ್ತೆ. ಕ್ಯಾರೆಟ್ ಕೊನೆಗೆ, ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳು ತಾಗಿಸಿದರೆ ಪುಡಿಯಾಗಿ ಬೀಳಬೇಕು. ಉಂಡೆಯೇ ಆಗದಿದ್ದರೆ ಹಕ್ಕಿ ಹಳದಿ ಮಾತ್ರ ಆರಿಸಿ ರವೆ ಬಿಡುತ್ತೆ, ಆಗ ಅರ್ಧ ಚಮಚ ಕ್ಯಾರೆಟ್ ಜಾಸ್ತಿ ಹಾಕಿ. ಇಲ್ಲಿಗೆ ಇನ್ನೊಂದು ಚಿಟಿಕೆ ಪುಡಿ ಸೇರುತ್ತೆ, ಅದು ನನ್ನ ಹತ್ತಿರವೇ ಇರಲಿ. ಅಡುಗೆಮನೆಯ ವಸ್ತುವೇ, ಔಷಧಿ ಅಲ್ಲ. ಗೌಲ್ಡಿಯನ್ ಬಾಯಿ ಹಾಕಲು ಅದೂ ಒಂದು ಕಾರಣ ಎಂದಷ್ಟೇ ಹೇಳಬಲ್ಲೆ.

ಚಿಪ್ಪನ್ನು ಬೇಯಿಸಿದ್ದೇ ಸಾಕೆಂದು ಹಾಗೇ ಮುರಿದು ಹಾಕಿದಾಗ ಚೂಪು ಚೂರುಗಳನ್ನು ಹಕ್ಕಿ ಬದಿಗೆ ತಳ್ಳಿತು. ಒಳಪೊರೆ ತೆಗೆದು, ತವದ ಮೇಲೆ ಹತ್ತು ನಿಮಿಷ ಒಣಗಿಸಿ, ಕುಟ್ಟಿ ಜರಡಿ ಹಿಡಿದ ಪುಡಿ ಮಾತ್ರ ಹೊಟ್ಟೆಗೆ ಹೋಗುತ್ತೆ. ಜೊತೆಗೆ ಕಡಲನೊರೆ (ಕಟಲ್‌ಫಿಶ್‌ನ ಒಳಚಿಪ್ಪು) ಪಂಜರದಲ್ಲಿ ಸದಾ ಇರಲೇಬೇಕು. ಮೊಟ್ಟೆ ಕಟ್ಟಿಕೊಳ್ಳುವ ತೊಂದರೆ ನನ್ನಲ್ಲಿ ನಿಂತದ್ದು ಬೆಳಗಿನ ಬಿಸಿಲು ಬೀಳುವ ಗೋಡೆಗೆ ಪಂಜರ ಸರಿಸಿದ ಮೇಲೆ. ಡಿ ವಿಟಮಿನ್ ಇಲ್ಲದಿದ್ದರೆ ಸುಣ್ಣ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ.

ದುಡ್ಡಿನ ಲೆಕ್ಕ. ನಾಲ್ಕು ಮೊಟ್ಟೆಗೆ 28, ಒಣ ಮಿಶ್ರಣಕ್ಕೆ 12, ಮಿಕ್ಕಿದ್ದು ಗ್ಯಾಸ್ ಸೇರಿ 8. ಒಟ್ಟು 48 ರೂಪಾಯಿಗೆ 350 ಗ್ರಾಂ, ಕೆ.ಜಿ.ಗೆ 137 ಚಿಲ್ಲರೆ. ಆಮದು ಎಗ್ ಫುಡ್‌ಗೆ ನಾನು ಕೊಡುತ್ತಿದ್ದದ್ದು ಕೆ.ಜಿ.ಗೆ 800ರ ಆಸುಪಾಸು. ಆದರೆ ಅದು ಒಣ ಸರಕು, ನಮ್ಮದರಲ್ಲಿ ಅರ್ಧಕ್ಕರ್ಧ ನೀರು. ನೀರು ಕಳೆದು ನೋಡಿದರೆ ನಮ್ಮದು 280–290 ಬೀಳುತ್ತೆ. ಆದರೂ ಮೂರರಲ್ಲಿ ಒಂದು ಪಾಲೇ. ನಾಟಿ ಮೊಟ್ಟೆಯಲ್ಲಿ ಒಂದು ತಿಂಗಳು ಮಾಡಿದೆ, ದುಪ್ಪಟ್ಟು ಬೆಲೆ. ಹಳದಿ ಕೆಂಪಗಿತ್ತು ಅಷ್ಟೇ, ಮರಿಯ ತೂಕದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಕ್ವೇಲ್ ಮೊಟ್ಟೆ ಸುಲಿಯುವಷ್ಟರಲ್ಲಿ ಉಗುರು ಸವೆಯಿತು.

ಮಾಡುವುದಕ್ಕಿಂತ ಕೊಡುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಜೋಡಿ ಹಾಕುವ ಮೂರು ವಾರ ಮೊದಲು ವಾರಕ್ಕೆ ಎರಡು ಸಲ, ಜೋಡಿಗೆ ಒಂದು ಟೀ ಚಮಚ. ಮೂರನೇ ಮೊಟ್ಟೆ ಬಿದ್ದ ದಿನ ಪೂರ್ತಿ ಬಂದ್. ಕಾವಿಗೆ ಕೂತಾಗಲೂ ಕೊಟ್ಟರೆ ಜೀಬ್ರಾ ಮತ್ತೆ ಬೆದೆಗೆ ಬಂದು ಇದ್ದ ಮೊಟ್ಟೆಯ ಮೇಲೆ ಹುಲ್ಲು ಹೊದಿಸಿ ಹೊಸದು ಇಡುತ್ತೆ. ‘ಮೊಟ್ಟೆ ಕೊಟ್ಟರೆ ಗೂಡು ಬಿಡುತ್ತೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಜೀಬ್ರಾ ಮೊಟ್ಟೆ ಹನ್ನೆರಡು ಹದಿಮೂರು ದಿನಕ್ಕೆ ಒಡೆದು ಮರಿಯಾಗುತ್ತೆ, ಗೌಲ್ಡಿಯನ್ ಹದಿನಾಲ್ಕು ಹದಿನೈದು. ಒಂದು ದಿನ ಮುಂಚೆಯೇ ಮತ್ತೆ ಶುರು. ಮೊದಲ ವಾರ ಪ್ರತಿ ಹೊತ್ತಿಗೆ ಒಂದು ಚಮಚ, ಹತ್ತನೇ ದಿನದಿಂದ ಎರಡು, ನಾಲ್ಕೈದು ಮರಿ ಇದ್ದರೆ ಮೂರರವರೆಗೂ ಹೋಗುತ್ತೆ. ಬೆಳಿಗ್ಗೆ ಆರೂವರೆಗೆ ಇಟ್ಟು ಒಂಬತ್ತಕ್ಕೆ ತೆಗೆಯುವುದು, ಮಧ್ಯಾಹ್ನ ಮೂರೂವರೆಗೆ ಮತ್ತೊಮ್ಮೆ. ಮಾರ್ಚ್ ಏಪ್ರಿಲ್‌ನಲ್ಲಿ ಬಟ್ಟಲು ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಮಂಗಳೂರು ಉಡುಪಿ ಕಡೆಯವರು ಇಟ್ಟ ಒಂದೂವರೆ ಗಂಟೆಯೊಳಗೇ ಎತ್ತಿ.

ಮರಿಯ ಕತ್ತಿನ ಬದಿಯ, ತಿಂದದ್ದು ನಿಲ್ಲುವ ಚೀಲ ನೋಡಿದರೆ ಎಲ್ಲ ಗೊತ್ತಾಗುತ್ತೆ, ಚರ್ಮ ಗಾಜಿನಷ್ಟು ತೆಳು. ಮೊದಲ ಮೂರು ದಿನ ಪೂರ್ತಿ ಹಳದಿ ಇದ್ದರೂ ಸರಿ. ಐದನೇ ದಿನದಿಂದ ನಡುವೆ ಬಿಳಿ ಕಾಳು ಕಾಣಬೇಕು. ಕಾಣದಿದ್ದರೆ ತಂದೆ ತಾಯಿ ಸುಲಭದ ಊಟಕ್ಕೆ ಅಂಟಿಕೊಂಡಿವೆ ಎಂದರ್ಥ, ಬೆಳಗಿನ ಬಟ್ಟಲು ಒಂದು ಗಂಟೆ ತಡ ಮಾಡಿ. ಒಡವೆ ತೂಗುವ ಪುಟ್ಟ ತಕ್ಕಡಿ, ನಾನೂರು ರೂಪಾಯಿಯದು, ಇಟ್ಟುಕೊಂಡಿದ್ದೇನೆ. ಒಡೆದಾಗ ಒಂದು ಗ್ರಾಂ ಕೂಡ ಇರದ ಜೀಬ್ರಾ ಮರಿ ಹನ್ನೆರಡನೇ ದಿನಕ್ಕೆ ಬರೀ ನವಣೆಯಲ್ಲಿ ಎಂಟರ ಹತ್ತಿರ ತೂಗುತ್ತಿತ್ತು, ಈಗ ಹತ್ತೂವರೆ ಹನ್ನೊಂದು. ತಕ್ಕಡಿಗೆ ಉಷ್ಣ ಶೀತದ ಭೇದ ಇಲ್ಲವಲ್ಲ.

ಗೌಲ್ಡಿಯನ್ ಹೊಸ ತಿಂಡಿಗೆ ಹದಿನೈದು ದಿನವಾದರೂ ಬಾಯಿ ಹಾಕುವುದಿಲ್ಲ. ಪಕ್ಕದ ಪಂಜರದಲ್ಲಿ ಬೆಂಗಲೀಸ್ ಜೋಡಿ ಇಟ್ಟು, ಎರಡರ ಬಟ್ಟಲೂ ಒಂದೇ ಜಾಲರಿಗೆ ತಾಗುವ ಹಾಗೆ ನೇತುಹಾಕಿ. ಬೆಂಗಲೀಸ್ ಏನು ಕೊಟ್ಟರೂ ತಿನ್ನುತ್ತೆ, ಅದನ್ನು ನೋಡಿ ನೋಡಿ ಐದಾರು ದಿನಕ್ಕೆ ಗೌಲ್ಡಿಯನ್ ಇಳಿಯುತ್ತೆ. ಮೇಲೆ ಒಂದು ಚಿಟಿಕೆ ನವಣೆ ಉದುರಿಸುವುದೂ ಆಗುತ್ತೆ.

ಒಂದೆರಡು ಅಡ್ಡ ಪ್ರಯೋಗ. ಅರಿಶಿನ ಒಂದು ವಾರ ಹಾಕಿದೆ, ಹಿಕ್ಕೆ ಹಳದಿಯಾಗಿ ಕಾಯಿಲೆಯೋ ಅರಿಶಿನವೋ ಗೊತ್ತಾಗದೆ ಬಿಟ್ಟೆ. ಔಷಧಿ ಹೊಡೆಯದ ಮನೆಗಿಡದ ಚೆಂಡುಹೂವಿನ ದಳ ಒಣಗಿಸಿ ಪುಡಿ ಮಾಡಿ ಹಾಕುತ್ತಿದ್ದೇನೆ, ಗಂಡು ಜೀಬ್ರಾಗಳ ಕೊಕ್ಕು ಗಾಢವಾದ ಹಾಗೆ ಕಾಣುತ್ತೆ, ನನ್ನ ಕಣ್ಣಿನ ಆಸೆಯೂ ಇರಬಹುದು. ಮೊಳಕೆ ನವಣೆ ಬೆರೆಸಬಹುದು, ಆದರೆ ಸಿಪ್ಪೆ ಸಮೇತ ಇರುವ ಬಿತ್ತನೆ ಕಾಳು ಬೇಕು, ಅಂಗಡಿಯ ನವಣೆ ಅಕ್ಕಿ ಮೊಳೆಯುವುದಿಲ್ಲ, ಕೊಳೆಯುತ್ತೆ. ಮೊದಲ ಮಳೆಗೆ ದೀಪದ ಕೆಳಗೆ ಬೀಳುವ ರೆಕ್ಕೆ ಗೆದ್ದಲನ್ನು ಹುರಿದು ಬೆರೆಸಿದ್ದೂ ಆಯಿತು. ಬೆಂಗಲೀಸ್ ತಿಂದಿತು, ಜೀಬ್ರಾ ಮೂಸಿಯೂ ನೋಡಲಿಲ್ಲ.

ಫ್ರಿಜ್‌ನಲ್ಲಿ ಬೆರೆಸಿದ್ದನ್ನು ಒಂದೇ ದಿನ ಇಡುತ್ತೇನೆ. ಫ್ರೀಜರ್‌ನಲ್ಲಿ ಇಟ್ಟರೆ ಬಿಳಿ ರಬ್ಬರಿನಂತಾಗಿ, ಕರಗುವಾಗ ನೀರು ಬಿಡುತ್ತೆ, ಪಟ್ಟ ಕಷ್ಟವೆಲ್ಲ ವ್ಯರ್ಥ. ಜರಡಿ ಹಿಡಿದ ಹಳದಿಯನ್ನು ಮಾತ್ರ ಒಣ ಮಿಶ್ರಣದ ಜೊತೆ ಉಜ್ಜಿ, ಐವತ್ತು ಗ್ರಾಂ ಪೊಟ್ಟಣ ಕಟ್ಟಿ ಫ್ರೀಜ್ ಮಾಡಿದರೆ ಹತ್ತು ದಿನ ಬರುತ್ತೆ, ಬಿಳಿ ಆ ದಿನದ್ದು ಸೇರಿಸಿಕೊಳ್ಳಬಹುದು.

ಇರುವೆಗೆ ಮಾತ್ರ ಇನ್ನೂ ಸೋತಿದ್ದೇನೆ. ಎಗ್ ಫುಡ್ ವಾಸನೆಗೆ ಕೆಂಪಿರುವೆ ಹತ್ತಿದರೆ ರಾತ್ರೋರಾತ್ರಿ ಗೂಡಿಗೇ ನುಗ್ಗಿ ಮರಿ ಮುಗಿಸುತ್ತೆ. ಲಕ್ಷ್ಮಣರೇಖೆ ಎಳೆದರೆ ಅದರ ಪುಡಿ ಹಕ್ಕಿಯ ಹೊಟ್ಟೆಗೂ ಹೋಗುವ ಭಯ. ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ಇಟ್ಟು, ಮೇಲೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬಿಡುತ್ತೇನೆ, ಬರೀ ನೀರಾದರೆ ಇರುವೆ ತೇಲಿಕೊಂಡೇ ದಾಟಿಬಿಡುತ್ತೆ. ಸ್ಟ್ಯಾಂಡ್ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಕಳೆದ ತಿಂಗಳು ಹತ್ತಿದ್ದು ಪಕ್ಕದ ಪರದೆ ಹಿಡಿದುಕೊಂಡು.