ಟಾರ್ಚಿನ ಸೆಲ್ಲಿಗೆ ತಂತಿ ಸುತ್ತಿ ಪ್ರೋಟೀನಿನ ಆಕಾರ ತಿಳಿಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಚಾವಡಿಗೆ ಸಂಜೆ ಪಾಠಕ್ಕೆ ಬರುವ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು. ಪ್ಲಸ್ ವನ್ನಿಗೆ ಹೋದ ಕೂಡಲೇ ವಿಜ್ಞಾನವೆಲ್ಲ ಇಂಗ್ಲಿಷು. ಪ್ರೋಟೀನಿನ ಪ್ರಾಥಮಿಕ, ದ್ವಿತೀಯಕ, ತೃತೀಯಕ ರಚನೆ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅಮೈನೋ ಆಮ್ಲಗಳ ಆ ಉದ್ದನೆಯ ಸರಪಳಿ ಮಡಚಿಕೊಳ್ಳುವುದು ಯಾಕೆ ಎಂದರೆ ನನ್ನ ಮುಖ ನೋಡುತ್ತಾರೆ. ಅವರಿಗಾಗಿ ಮಾಡಿಕೊಂಡ ಕ್ರಮ ಇದು.

ತಂತಿಗೆ ಕೈ ಹಾಕುವ ಮೊದಲು ಒಂದು ಬೋಗುಣಿ ನೀರಿಡಿ. ನಾಲ್ಕೈದು ಹನಿ ತೆಂಗಿನೆಣ್ಣೆ ಬಿಟ್ಟು ಕಡ್ಡಿಯಿಂದ ಕಲಕಿ. (ಧನುರ್ಮಾಸದ ಚಳಿಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಬಿಸಿಲಿಗಿಟ್ಟು ಕರಗಿಸಿಕೊಳ್ಳಿ.) ಚೂರಾದ ಹನಿಗಳು ನಿಧಾನಕ್ಕೆ ಮತ್ತೆ ಒಂದಾಗುತ್ತವೆ. ನೀರಿನ ಕಣಗಳು ತಮ್ಮತಮ್ಮಲ್ಲೇ ಬಂಧ ಬೆಳೆಸಿಕೊಂಡು ಎಣ್ಣೆಯನ್ನು ಒಂದೆಡೆಗೆ ತಳ್ಳುತ್ತವೆ. ಈ ಐದು ನಿಮಿಷವನ್ನು ದಯವಿಟ್ಟು ಬಿಡಬೇಡಿ. ಪ್ರೋಟೀನ್ ಮಡಚಿಕೊಳ್ಳುವ ಮುಖ್ಯ ಕಾರಣ ಆ ಬೋಗುಣಿಯಲ್ಲೇ ಇದೆ.

ಇನ್ನು ಸಾಮಾನು. ವಯರಿಂಗಿನವರು ಬಿಟ್ಟುಹೋದ ದಪ್ಪ ತಂತಿಯ ಎರಡು ತುಂಡು, ಒಂದೊಂದೂ 60 ಸೆಂಟಿಮೀಟರ್. ಟಾರ್ಚಿನ ದೊಡ್ಡ ಸೆಲ್ ಒಂದು. ಬಣ್ಣಬಣ್ಣದ ಉಲ್ಲನ್ ನೂಲು. ನಮ್ಮ ದೇಹ ಪ್ರೋಟೀನಿಗೆ ಬಳಸುವ ಅಮೈನೋ ಆಮ್ಲಗಳು 20 ಬಗೆ. ಬೆನ್ನೆಲುಬು ಎಲ್ಲಕ್ಕೂ ಒಂದೇ ತೆರ. ಅದು ನಮ್ಮ ತಂತಿ. ಪಕ್ಕಕ್ಕೆ ಚಾಚಿಕೊಂಡಿರುವ ಗುಂಪು ಮಾತ್ರ ಬೇರೆ ಬೇರೆ, ಅದು ನೂಲು. ಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್ ಎಣ್ಣೆಯ ಸ್ವಭಾವದವು, ಅವಕ್ಕೆ ಹಳದಿ. ಧನ ವಿದ್ಯುದಂಶದ ಲೈಸಿನ್ನಿಗೆ ನೀಲಿ, ಋಣದ ಗ್ಲುಟಮೇಟಿಗೆ ಕೆಂಪು, ನೀರಿಗೆ ಒಗ್ಗುವ ಸೆರಿನ್ನಿಗೆ ಬಿಳಿ.

ತಂತಿಯ ಮೇಲೆ ಮೂರು ಮೂರು ಸೆಂಟಿಮೀಟರಿಗೆ ಒಂದರಂತೆ 18 ನೂಲು ಕಟ್ಟಿ. 1, 4, 5, 8, 11, 12, 15, 16ನೆಯ ಜಾಗದಲ್ಲಿ ಹಳದಿ. 10ನೆಯದು ಕೆಂಪಿರಲಿ. ಉಳಿದ ಕಡೆ ನೀಲಿ, ಕೆಂಪು, ಬಿಳಿ ನಿಮ್ಮಿಷ್ಟ. ತಂತಿ ನೇರವಾಗಿರುವಾಗ ಈ ಸಾಲಿಗೆ ಅರ್ಥವೇ ಕಾಣದು. ಈಗ ಸೆಲ್ಲಿನ ಸುತ್ತ, ಮಾಮೂಲಿ ಸ್ಕ್ರೂವಿನ ಎಳೆ ಹೋಗುವ ದಿಕ್ಕಿನಲ್ಲೇ, ಸುತ್ತಿ. 18 ನೂಲಿಗೆ ಸರಿಯಾಗಿ ಐದು ಸುತ್ತು ಬರಬೇಕು, ಅಂದರೆ ಸುತ್ತಿಗೆ 3.6, ಪ್ರೋಟೀನಿನ ಸರಪಳಿ ಹೀಗೆ ಸುತ್ತಿಕೊಂಡಾಗ ಆಗುವ ಆಲ್ಫಾ ಸುರುಳಿಯ ಲೆಕ್ಕ ಇದೇ. ನಿಜವಾದ ಸುರುಳಿಯಲ್ಲಿ ಒಂದನೆಯ ಅಮೈನೋ ಆಮ್ಲದ ಆಮ್ಲಜನಕ ಐದನೆಯದರ ಹೈಡ್ರೋಜನನ್ನು ಹಿಡಿದುಕೊಳ್ಳುತ್ತದೆ, ಎರಡನೆಯದು ಆರನೆಯದನ್ನು. ಸುತ್ತು ಬಿಚ್ಚಿಹೋಗದಿರುವುದು ಅದರಿಂದ.

ಸೆಲ್ ಹೊರಗೆಳೆದು ನೂಲುಗಳನ್ನು ನೋಡಿ. ಚದುರಿದ್ದ ಹಳದಿಯೆಲ್ಲ ಒಂದೇ ಮಗ್ಗುಲಿಗೆ ಬಂದಿರುತ್ತದೆ! ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಇದನ್ನು ಕಂಡು, "ಟೀಚರೇ, ಇದಕ್ಕೆ ಹೊಟ್ಟೆ ಬೆನ್ನು ಉಂಟಲ್ಲ" ಎಂದಳು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಎರಡನೆಯ ತಂತಿಯನ್ನೂ ಹೀಗೇ ಸುತ್ತಿ, ಎರಡರ ಹಳದಿ ಹೊಟ್ಟೆಗಳನ್ನು ಎದುರುಬದುರಾಗಿ ಒತ್ತಿ. ಎಣ್ಣೆ ಒಳಗೆ, ನೀರಿನ ಸ್ನೇಹಿತರು ಹೊರಗೆ. ತುದಿಗಳನ್ನು ಜೋಡಿಸುವ ತಿರುವಿನಲ್ಲಿ ಪ್ರೋಲಿನ್ ಇದೆ ಎಂದುಕೊಳ್ಳಿ. ಅದರ ಪಕ್ಕದ ಗುಂಪು ಬೆನ್ನೆಲುಬಿಗೇ ಬಳೆಯಂತೆ ಅಂಟಿರುವುದರಿಂದ ಅದು ಬಂದಲ್ಲಿ ಸುರುಳಿ ಮುರಿಯುವುದೇ ಹೆಚ್ಚು. ಸಿಸ್ಟೀನ್ ಎರಡು ಹತ್ತಿರ ಬಂದರೆ ಗಂಧಕದ ಕೊಂಡಿ ಬೀಳುತ್ತದೆ. ಅಲ್ಲಿಗೊಂದು ಸೇಫ್ಟಿ ಪಿನ್ ಹಾಕಿ. ಹಳದಿ ಒಂದು ಬಿಟ್ಟು ಒಂದು ಬರುವ ಸಾಲು ಸುರುಳಿಗಿಂತ ಬೀಟಾ ಹಾಳೆಗೆ (ಚಾಚಿಕೊಂಡ ಎಳೆಗಳು ಪಕ್ಕಪಕ್ಕ ಸೇರಿ ಆಗುವ ರಚನೆ) ಒಗ್ಗುತ್ತದೆ. ಅದನ್ನು ಇನ್ನೊಂದು ದಿನ ಮಾಡಿಸಿ, ಒಂದೇ ಸಂಜೆಗೆ ತುರುಕಬೇಡಿ.

ತಂತಿಯನ್ನು ನಾವು ಕೈಯಿಂದ ಬಗ್ಗಿಸಿದೆವು, ಪ್ರೋಟೀನನ್ನು ಬಗ್ಗಿಸುವವರು ಯಾರು? ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಆಗ ಅಮೆರಿಕದ ವಿಜ್ಞಾನಿ ಕ್ರಿಶ್ಚಿಯನ್ ಆನ್ಫಿನ್ಸನ್ ಅವರ ಪ್ರಯೋಗ ಹೇಳಿ. ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನಿನಲ್ಲಿ 124 ಅಮೈನೋ ಆಮ್ಲ, ನಾಲ್ಕು ಗಂಧಕದ ಕೊಂಡಿ. ಯೂರಿಯಾದ ಜೊತೆ ಕೊಂಡಿ ಬಿಡಿಸುವ ರಾಸಾಯನಿಕ ಹಾಕಿ ಅದನ್ನು ಪೂರಾ ಬಿಚ್ಚಿದರು. ಎಂಟು ಸಿಸ್ಟೀನ್ ಜೋಡಿಯಾಗಲು 105 ದಾರಿಗಳಿವೆ. ಆದರೂ ಯೂರಿಯಾ, ಆ ರಾಸಾಯನಿಕ ಎರಡನ್ನೂ ತೆಗೆದು ಗಾಳಿಗೆ ಬಿಟ್ಟಾಗ ಅದು ಹಳೆಯ ಜೋಡಿಗಳನ್ನೇ ಹುಡುಕಿಕೊಂಡು ಮತ್ತೆ ಕೆಲಸ ಮಾಡಿತು. ಹೇಗೆ ಮಡಚಬೇಕೆಂಬುದು ಸಾಲಿನಲ್ಲೇ ಇತ್ತು. 1972ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಇದಕ್ಕೇ.

ಕೊನೆಗೆ, 10ನೆಯ ಜಾಗದ ಕೆಂಪು ನೂಲು ಬಿಚ್ಚಿ ಹಳದಿ ಕಟ್ಟಿಸಿ. ಈಗ ಹೊರಮೈಯಲ್ಲೊಂದು ಎಣ್ಣೆಯ ಚುಕ್ಕೆ. ಕುಡುಗೋಲು ಕಣ ರೋಗದಲ್ಲಿ (ಸಿಕಲ್ ಸೆಲ್) ಆಗುವುದೂ ಇಂಥದ್ದೇ: ಹಿಮೋಗ್ಲೋಬಿನ್ನಿನ 146 ಅಮೈನೋ ಆಮ್ಲಗಳ ಬೀಟಾ ಸರಪಳಿಯಲ್ಲಿ ಆರನೆಯ ಜಾಗದ ಗ್ಲುಟಮೇಟಿನ ಬದಲು ವ್ಯಾಲಿನ್. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಆ ಚುಕ್ಕೆಯಿಂದ ಪಕ್ಕದ್ದಕ್ಕೆ ಅಂಟಿ, ಅದು ಇನ್ನೊಂದಕ್ಕೆ ಅಂಟಿ, ಉದ್ದನೆಯ ನಾರಾಗಿ ರಕ್ತಕಣವನ್ನೇ ಬಾಗಿಸುತ್ತದೆ. ನಮ್ಮದೇ ರಾಜ್ಯದ ವಯನಾಡಿನ ಬುಡಕಟ್ಟು ಮನೆಗಳಲ್ಲಿ ಈ ನೋವು ಉಣ್ಣುವ ಮಕ್ಕಳಿದ್ದಾರೆ. ಇದನ್ನು ಹೇಳಿದ ದಿನ ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಹುಡುಗಿ ತಾನು ಕಟ್ಟಿದ ಹಳದಿ ನೂಲನ್ನು ಬಿಚ್ಚಿ, ಕೆಂಪನ್ನು ಮತ್ತೆ ಕಟ್ಟಿಟ್ಟು ಮನೆಗೆ ಹೋದಳು.